ಕ್ರಿಸ್ತನನ್ನು ಅರಿಯುವುದು: ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯಲ್ಲಿ ಪ್ರಾರ್ಥನೆ ಮತ್ತು ಅರಿವು

ಕ್ರೈಸ್ತ ಜೀವನವು ಆಳವಾಗುವುದು ಹೇಗೆ ಎಂಬ ಪ್ರಶ್ನೆ ಎದ್ದಾಗಲೆಲ್ಲ ಎರಡು ಉತ್ತರಗಳು ಕೇಳಿಬರುತ್ತವೆ: ಒಂದು, ಹೆಚ್ಚು ಪ್ರಾರ್ಥಿಸಬೇಕು, ಇನ್ನೊಂದು, ಕ್ರಿಸ್ತನನ್ನು ಹೆಚ್ಚು ಅರಿಯಬೇಕು. ಎರಡೂ ಸರಿಯಾದ ಉತ್ತರಗಳೇ ಆದರೂ ಅವುಗಳನ್ನು ಬೇರೆ ಬೇರೆ ಕೆಲಸಗಳೆಂದು ಎಣಿಸುವ ರೂಢಿ ಸಭೆಗಳಲ್ಲಿ ಬೇರೂರಿದೆ. ಅರಿವು ಎಂದರೆ ಸತ್ಯವೇದದ ಅಧ್ಯಯನ, ಅದು ಬೋಧಕರ ಮತ್ತು ಓದುಬಲ್ಲವರ ಪಾಲಿನದು. ಪ್ರಾರ್ಥನೆ ಎಂದರೆ ಕಷ್ಟ ಬಂದಾಗ ಸಲ್ಲಿಸುವ ಬೇಡಿಕೆ, ಅದು ಭಕ್ತಿಯುಳ್ಳವರ ಪಾಲಿನದು ಎಂಬ ಈ ಹಂಚಿಕೆಯಿಂದ ಎರಡಕ್ಕೂ ನಷ್ಟವಾಗುತ್ತದೆ. ಅರಿವಿನಿಂದ ದೂರವಾದ ಪ್ರಾರ್ಥನೆಯು ತನಗೆ ಬೇಕಾದಂತಹ ದೇವರೊಬ್ಬನನ್ನು ಮನಸ್ಸಿನಲ್ಲೇ ಕಡೆದುಕೊಂಡು ಅವನೊಡನೆ ಮಾತಾಡತೊಡಗುತ್ತದೆ. ಪ್ರಾರ್ಥನೆಯಿಂದ ದೂರವಾದ ಅರಿವು ಕ್ರಿಸ್ತನನ್ನು ಕುರಿತ ವಿಷಯ ಸಂಗ್ರಹವಾಗಿ ಉಳಿದು, ಅದನ್ನು ಸಂಗ್ರಹಿಸಿದವನನ್ನು ಬದಲಿಸದೆ ಬಿಡುತ್ತದೆ. ಇವೆರಡೂ ಒಂದೇ ಉಸಿರಿನ ಒಳಹೊರಗುಗಳೆಂಬುದನ್ನು ಹೊಸ ಒಡಂಬಡಿಕೆಯಲ್ಲಿ ಬಹಳ ಸ್ಪಷ್ಟವಾಗಿ ಕಾಣಿಸುವ ಬರಹವೆಂದರೆ, ಕೇವಲ ನಾಲ್ಕು ಅಧ್ಯಾಯಗಳಷ್ಟಿರುವ, ಅಪೊಸ್ತಲ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ.

ಫಿಲಿಪ್ಪಿಯು ಪ್ರಾಚೀನ ಮಕೆದೋನ್ಯಕ್ಕೆ ಸೇರಿದ, ಇಂದಿನ ಗ್ರೀಸಿನ ಉತ್ತರ ಭಾಗದಲ್ಲಿದ್ದ ಪಟ್ಟಣ. ಅಲೆಕ್ಸಾಂಡರನ ತಂದೆಯಾದ ಎರಡನೆಯ ಫಿಲಿಪ್ಪನು ಕ್ರಿ.ಪೂ. 356ರಲ್ಲಿ ತನ್ನ ಹೆಸರನ್ನಿಟ್ಟ ಈ ಊರು, ಕ್ರಿ.ಪೂ. 42ರಲ್ಲಿ ಅದರ ಬಯಲಿನಲ್ಲಿ ನಡೆದ ಯುದ್ಧದ ಬಳಿಕ ನಿವೃತ್ತ ಸೈನಿಕರನ್ನು ನೆಲೆಗೊಳಿಸಿದ ರೋಮನ್ ವಸಾಹತಾಯಿತು. ಇಲ್ಲಿನ ಸಭೆಯ ಹುಟ್ಟನ್ನು ಅಪೊಸ್ತಲರ ಕೃತ್ಯಗಳು ಎಂಬ ಗ್ರಂಥದ 16ನೆಯ ಅಧ್ಯಾಯ ವಿವರಿಸುತ್ತದೆ. ಸಬ್ಬತ್ ದಿನದಂದು ಪೌಲನೂ ಅವನ ಸಂಗಡಿಗರೂ ಪ್ರಾರ್ಥನೆ ನಡೆಯುವ ಸ್ಥಳವನ್ನು ಹುಡುಕಿಕೊಂಡು ಊರ ಬಾಗಿಲಾಚೆಯ ನದೀತೀರಕ್ಕೆ ಹೋದರು. ಅಲ್ಲಿ ಕೂಡಿದ್ದ ಸ್ತ್ರೀಯರಲ್ಲಿ ಒಬ್ಬಳಾದ, ನೇರಳೆ ಬಣ್ಣದ ಬಟ್ಟೆಯ ವ್ಯಾಪಾರಿ ಲುದ್ಯಳು ಅವನ ಮಾತಿಗೆ ಹೃದಯ ತೆರೆದು ದೀಕ್ಷಾಸ್ನಾನ ಹೊಂದಿದಳು. ಮುಂದೆ ಅದೇ ಊರಿನಲ್ಲಿ ಪೌಲ ಸೀಲರು ಛಡಿಯೇಟು ತಿಂದು, ಕಾಲುಗಳಿಗೆ ಕೋಳ ಹಾಕಿಸಿಕೊಂಡು ಸೆರೆಮನೆಯ ಒಳಕೋಣೆಯಲ್ಲಿದ್ದಾಗ, ನಡುರಾತ್ರಿಯಲ್ಲಿ ಪ್ರಾರ್ಥಿಸುತ್ತ ಹಾಡುತ್ತಿದ್ದುದನ್ನು ಉಳಿದ ಕೈದಿಗಳು ಕಿವಿಗೊಟ್ಟು ಕೇಳಿದರು. ಹೀಗೆ ನದೀತೀರದ ಶಾಂತವಾದ ಪ್ರಾರ್ಥನೆ ಮತ್ತು ಸೆರೆಮನೆಯ ಗಾಯಗೊಂಡ ಪ್ರಾರ್ಥನೆ, ಇವೆರಡರ ನಡುವೆ ಹುಟ್ಟಿದ ಸಭೆಗೆ ಪೌಲನು ವರ್ಷಗಳ ನಂತರ ಮತ್ತೊಂದು ಸೆರೆಯಿಂದ ಈ ಪತ್ರಿಕೆಯನ್ನು ಬರೆದನು.

ಪತ್ರಿಕೆಯು ಪ್ರಾರ್ಥನೆಯಿಂದಲೇ ಆರಂಭವಾಗುತ್ತದೆ ಮತ್ತು ಆ ಪ್ರಾರ್ಥನೆಯ ವಿಷಯ ಗಮನಾರ್ಹವಾದುದು. ಫಿಲಿಪ್ಪಿಯವರಿಗೆ ಸುರಕ್ಷೆಯಾಗಲಿ ಸಮೃದ್ಧಿಯಾಗಲಿ ದೊರೆಯಬೇಕೆಂದು ಅವನು ಅಲ್ಲಿ ಬೇಡುವುದಿಲ್ಲ. ಅವರಲ್ಲಿರುವ ಪ್ರೀತಿಯು ಅರಿವಿನಲ್ಲಿಯೂ ವಿವೇಚನೆಯಲ್ಲಿಯೂ ಹೆಚ್ಚುತ್ತ ಹೋಗಬೇಕೆಂದು ಬೇಡುತ್ತಾನೆ. ಇಲ್ಲಿ ಬಳಕೆಯಾಗಿರುವ ಗ್ರೀಕ್ ಪದ 'ಎಪಿಗ್ನೋಸಿಸ್', ಅಂದರೆ ಪೂರ್ಣವಾದ, ಗುರುತು ಹಿಡಿಯುವಂತಹ ಅರಿವು. ಪ್ರೀತಿಯು ಅರಿವಿನೊಳಗೆ ಬೆಳೆಯುತ್ತದೆ, ಆ ಬೆಳವಣಿಗೆಯನ್ನು ಪ್ರಾರ್ಥನೆಯಲ್ಲಿ ಕೇಳಿ ಪಡೆಯಬೇಕಾಗುತ್ತದೆ ಎಂಬ ಮೂರು ಎಳೆಗಳ ಈ ಹೆಣಿಗೆಯಲ್ಲಿ ಇಡೀ ಪತ್ರಿಕೆಯ ಸಾರ ಅಡಗಿದೆ.

ಹಾಗಾದರೆ ಅರಿಯುವುದು ಎಂದರೇನು? ಮೂರನೆಯ ಅಧ್ಯಾಯದಲ್ಲಿ ಪೌಲನು ತನ್ನ ಹಿಂದಿನ ಅರ್ಹತೆಗಳನ್ನೆಲ್ಲ ಪಟ್ಟಿ ಮಾಡುತ್ತಾನೆ: ಎಂಟನೆಯ ದಿನದಲ್ಲಿ ಸುನ್ನತಿ ಹೊಂದಿದವನು, ಬೆನ್ಯಾಮೀನನ ಕುಲದವನು, ಧರ್ಮಶಾಸ್ತ್ರವನ್ನು ಅಣುವೂ ತಪ್ಪದಂತೆ ಅನುಸರಿಸುವ ಫರಿಸಾಯ ಪಂಥದವನು. ದೇವರನ್ನು ಕುರಿತ ವಿದ್ಯೆಗೆ ಅವನಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೂ ಅವನು ವ್ಯಾಪಾರಿಯೊಬ್ಬನು ಲೆಕ್ಕದ ಪುಸ್ತಕವನ್ನು ಮತ್ತೆ ಬರೆಯುವಂತೆ, ಲಾಭದ ಸಾಲಿನಲ್ಲಿದ್ದುದನ್ನೆಲ್ಲ ನಷ್ಟದ ಸಾಲಿಗೆ ಹಾಕಿ, ಕ್ರಿಸ್ತನನ್ನು ಅರಿಯುವುದೊಂದನ್ನೇ ಲಾಭವೆಂದು ಉಳಿಸಿಕೊಳ್ಳುತ್ತಾನೆ. ಅವನ ಈ ಮಾತಿನ ಹಿಂದೆ ಹೀಬ್ರೂ ಭಾಷೆಯ 'ಯಾದ' ಎಂಬ ಕ್ರಿಯಾಪದದ ಹಿನ್ನೆಲೆಯಿದೆ. ಆದಿಕಾಂಡದಲ್ಲಿ ಆದಾಮನು ಹವ್ವಳನ್ನು ಕೂಡಿದುದನ್ನು ಹೇಳಲೂ, ಪ್ರವಾದಿಗಳ ಗ್ರಂಥಗಳಲ್ಲಿ ಜನರು ಕರ್ತನನ್ನು ನಿಷ್ಠೆಯಿಂದ ಒಪ್ಪಿ ನಡೆಯುವುದನ್ನು ಹೇಳಲೂ ಇದೇ ಪದ ಬಳಕೆಯಾಗುತ್ತದೆ. ಅದು ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ತನ್ನನ್ನು ಒಪ್ಪಿಸಿಕೊಂಡು ಪಡೆಯುವ ಅರಿವು. ಒಬ್ಬರ ವಿಷಯ ಗೊತ್ತು ಎನ್ನುವುದಕ್ಕೂ ಅವರನ್ನು ಬಲ್ಲೆ ಎನ್ನುವುದಕ್ಕೂ ಕನ್ನಡದ ಕಿವಿಗೆ ಕೇಳುವ ಅಂತರವನ್ನು ಇಲ್ಲಿ ನೆನೆಯಬಹುದು. ಅರಿಯುವವನೂ ಅರಿಯಲ್ಪಡುವವನೂ ಕೊನೆಗೆ ಒಂದೇ ಎಂದು ಹೇಳುವ ಜ್ಞಾನಮಾರ್ಗದ ಅದ್ವೈತ ಪರಿಕಲ್ಪನೆಗಿಂತ ಇದು ಬೇರೆಯಾದುದು. ಇಲ್ಲಿ ಇಬ್ಬರೂ ಇಬ್ಬರಾಗಿಯೇ ಉಳಿದು, ಪ್ರೀತಿಯಿಂದ ಒಂದಾಗುತ್ತಾರೆ. ಹಾಗೆ ಇಬ್ಬರಿರುವುದರಿಂದಲೇ ಮಾತು ಸಾಧ್ಯವಾಗುತ್ತದೆ, ಆ ಮಾತಿಗೇ ಪ್ರಾರ್ಥನೆಯೆಂದು ಹೆಸರು.

ಕನ್ನಡದ 'ತಿಳಿ' ಎಂಬ ಪದವು ಈ ಸಂಬಂಧವನ್ನು ಅರ್ಥಮಾಡಿಕೊಳ್ಳಲು ವಿಶೇಷವಾಗಿ ನೆರವಾಗುತ್ತದೆ. ತಿಳಿಯುವುದು ಎಂದರೆ ಅರಿಯುವುದು ಎಂದೂ ಆಗುತ್ತದೆ, ಕದಡಿದ ನೀರು ಕೆಸರನ್ನು ತಳಕ್ಕಿಳಿಸಿ ಸ್ವಚ್ಛವಾಗುವುದು ಎಂದೂ ಆಗುತ್ತದೆ. ಕೊಳದ ನೀರನ್ನು ಕೈಯಿಂದ ಎಷ್ಟು ಕಲಕಿದರೂ ಅದು ತಿಳಿಯಾಗದು; ಅದನ್ನು ಅದರ ಪಾಡಿಗೆ ನಿಲ್ಲಗೊಟ್ಟರೆ ಮಾತ್ರ ತಿಳಿಯಾಗಿ, ಬಾಗಿ ನೋಡಿದವನ ಮುಖವನ್ನು ತೋರಿಸುತ್ತದೆ. ದಿನದ ಆತಂಕ, ಅಸೂಯೆ ಮತ್ತು ಗಡಿಬಿಡಿಗಳಿಂದ ಕದಡಿದ ಮನಸ್ಸು ಕ್ರಿಸ್ತನ ಸನ್ನಿಧಿಯಲ್ಲಿ ಮೌನವಾಗಿ ನಿಲ್ಲುವುದು ಪ್ರಾರ್ಥನೆಯ ಮೊದಲ ಹೆಜ್ಜೆಯಾಗಿರುವಂತೆ ಅರಿವಿನ ಮೊದಲ ಹೆಜ್ಜೆಯೂ ಆಗಿದೆ.

ಹೀಗೆ ನಿಂತವನಿಗೆ ಕಾಣುವ ಮುಖ ಯಾರದು ಎಂಬ ಪ್ರಶ್ನೆಗೆ ಎರಡನೆಯ ಅಧ್ಯಾಯ ಉತ್ತರಿಸುತ್ತದೆ. ಆದಿಸಭೆಯ ಆರಾಧನೆಯಲ್ಲಿ ಹಾಡಲಾಗುತ್ತಿದ್ದ ಸ್ತುತಿಗೀತೆಯೆಂದು ಅನೇಕ ವಿದ್ವಾಂಸರು ಭಾವಿಸುವ ಆ ಭಾಗದಲ್ಲಿ, ದೇವಸ್ವರೂಪನಾದ ಕ್ರಿಸ್ತನು ತನ್ನನ್ನು ಬರಿದುಮಾಡಿಕೊಂಡು ದಾಸನ ರೂಪವನ್ನು ಧರಿಸಿ, ಶಿಲುಬೆಯ ಮರಣದವರೆಗೂ ವಿಧೇಯನಾಗಿ ಇಳಿದುದನ್ನೂ, ದೇವರು ಅವನನ್ನು ಎಲ್ಲಕ್ಕಿಂತ ಮೇಲಕ್ಕೆ ಏರಿಸಿದುದನ್ನೂ ಕಾಣಬಹುದು. ತನ್ನನ್ನು ಬರಿದುಮಾಡಿಕೊಳ್ಳುವ ಈ ಕ್ರಿಯೆಯನ್ನು ದೇವತಾಶಾಸ್ತ್ರವು 'ಕೆನೋಸಿಸ್' ಎಂದು ಕರೆಯುತ್ತದೆ. ಇಲ್ಲಿ ರೂಪ ಎಂಬುದಕ್ಕೆ ಬಳಸಿರುವ 'ಮೋರ್ಫೆ' ಎಂಬ ಗ್ರೀಕ್ ಪದವೇ ಮೂರನೆಯ ಅಧ್ಯಾಯದಲ್ಲಿ, ಕ್ರಿಸ್ತನ ಮರಣಕ್ಕೆ ಅನುರೂಪನಾಗಬೇಕೆಂದು ಪೌಲನು ಹಂಬಲಿಸುವಲ್ಲಿ, ಕ್ರಿಯಾಪದವೊಂದರ ಒಡಲೊಳಗೆ ಮರಳಿ ಬರುತ್ತದೆ. ದಾಸನ ರೂಪ ತಾಳಿದವನನ್ನು ಅರಿಯುವುದೆಂದರೆ ಅರಿಯುವವನೂ ಆ ರೂಪಕ್ಕೆ ಬರುವುದು. ಆದಕಾರಣ ಪೌಲನು ಪುನರುತ್ಥಾನದ ಶಕ್ತಿಯನ್ನು ಬಯಸುವ ಅದೇ ವಾಕ್ಯದಲ್ಲಿ ಕ್ರಿಸ್ತನ ಬಾಧೆಗಳಲ್ಲಿ ಪಾಲುಗಾರಿಕೆಯನ್ನೂ ಬಯಸುತ್ತಾನೆ. ಶಕ್ತಿಯನ್ನು ಮಾತ್ರ ಕೇಳಿ ಬಾಧೆಯನ್ನು ಬಿಟ್ಟುಬಿಡುವ ಪ್ರಾರ್ಥನೆಯು ಅರ್ಧ ಕ್ರಿಸ್ತನನ್ನು ಮಾತ್ರ ಅರಿಯಬಯಸುತ್ತದೆ.

ಓದಿದ ವಾಕ್ಯವು ಪ್ರಾರ್ಥನೆಯಾಗಿ, ಪ್ರಾರ್ಥನೆಯು ಅರಿವಾಗಿ ಮಾಗುವ ವಿಧಾನವನ್ನು ಕ್ರೈಸ್ತ ಪರಂಪರೆಯು ಶತಮಾನಗಳಿಂದ ರೂಢಿಸಿಕೊಂಡು ಬಂದಿದೆ. 12ನೆಯ ಶತಮಾನದಲ್ಲಿ ಫ್ರಾನ್ಸಿನ ಗ್ರಾಂದ್ ಶಾರ್ತ್ರೂಸ್ ಮಠದ ಮುಖ್ಯಸ್ಥನಾಗಿದ್ದ ಎರಡನೆಯ ಗೀಗೋ ಎಂಬ ಸನ್ಯಾಸಿಯು ಇದನ್ನು ನಾಲ್ಕು ಮೆಟ್ಟಿಲುಗಳ ಏಣಿಯೆಂದು ವಿವರಿಸಿದನು: ವಾಚನ, ಮನನ, ಪ್ರಾರ್ಥನೆ ಮತ್ತು ದರ್ಶನ. ವಾಚನವು ತುತ್ತನ್ನು ಬಾಯಿಗಿಡುತ್ತದೆ, ಮನನವು ಅದನ್ನು ಅಗಿಯುತ್ತದೆ, ಪ್ರಾರ್ಥನೆಯು ಅದರ ರುಚಿಯನ್ನು ಬೇಡಿ ಪಡೆಯುತ್ತದೆ, ದರ್ಶನವು ಆ ಸವಿಯಲ್ಲೇ ನೆಲೆಸುತ್ತದೆ ಎಂಬುದು ಅವನ ಹೋಲಿಕೆಯ ತಿರುಳು. ಎರಡನೆಯ ಅಧ್ಯಾಯದ ಆ ಸ್ತುತಿಗೀತೆಯನ್ನು ಹೀಗೆ ಓದುವವನು ಮೊದಲು ಅದನ್ನು ನಿಧಾನವಾಗಿ, ಸಾಧ್ಯವಾದರೆ ಬಾಯಿಬಿಟ್ಟು ಓದುತ್ತಾನೆ. ತನ್ನನ್ನು ಬರಿದುಮಾಡಿಕೊಂಡನು ಎಂಬ ಒಂದೇ ಮಾತಿನ ಬಳಿ ತಡೆದು ನಿಂತು, ತಾನು ಬಿಟ್ಟುಕೊಡಲಾರದೆ ಹಿಡಿದುಕೊಂಡಿರುವ ಹಕ್ಕು, ಹೆಸರು, ಹಗೆಗಳು ಯಾವುವೆಂದು ಯೋಚಿಸುತ್ತಾನೆ. ಅವುಗಳನ್ನು ಬಿಡುವ ಬಲವನ್ನು ಕ್ರಿಸ್ತನಲ್ಲೇ ಬೇಡುತ್ತಾನೆ. ಬಳಿಕ ಮಾತು ನಿಂತಾಗ ಅವನ ಎದುರಿನಲ್ಲಿ ಸುಮ್ಮನಿರುತ್ತಾನೆ. ಇಲ್ಲಿ ಓದುವವನು ವಾಕ್ಯವನ್ನು ಪರೀಕ್ಷಿಸುತ್ತಿರುವಂತೆಯೇ ವಾಕ್ಯವೂ ಅವನನ್ನು ಪರೀಕ್ಷಿಸುತ್ತದೆ.

ಈ ಮನನವು ತಾಯ್ನುಡಿಯಲ್ಲಿ ನಡೆದಾಗ ಆಳಕ್ಕಿಳಿಯುತ್ತದೆ ಎಂಬುದನ್ನು ಕರ್ನಾಟಕದ ಕ್ರೈಸ್ತ ಪರಂಪರೆಯು ಬೇಗನೆ ಕಂಡುಕೊಂಡಿತು. 1894ರಲ್ಲಿ ಪ್ರಕಟವಾದ ನಿಘಂಟಿನಿಂದ ಪ್ರಸಿದ್ಧನಾದ ಫರ್ಡಿನೆಂಡ್ ಕಿಟೆಲ್ ಅದಕ್ಕೂ ಬಹಳ ಮುಂಚೆಯೇ, 1862ರಲ್ಲಿ, ಯೇಸುವಿನ ಚರಿತ್ರೆಯನ್ನು 'ಕಥಾಮಾಲೆ' ಎಂಬ ಹೆಸರಿನಲ್ಲಿ ಈ ನೆಲದ ಪದ್ಯರೂಪಕ್ಕೆ ತಂದನು. ಕ್ರಿಸ್ತನ ಕಥೆಯು ಕೇಳುವವರ ನಾಲಿಗೆಯ ಲಯವನ್ನು ಸೇರದೆ ಅವರ ಪ್ರಾರ್ಥನೆಯಾಗಲಾರದು ಎಂಬ ತಿಳಿವಳಿಕೆಯನ್ನು ಆ ಪ್ರಯತ್ನದಲ್ಲಿ ಕಾಣಬಹುದು.

ಅರಿವು ಪ್ರಾರ್ಥನೆಯನ್ನು ಹೇಗೆ ತಿದ್ದುತ್ತದೆ ಎಂಬುದಕ್ಕೆ ನಾಲ್ಕನೆಯ ಅಧ್ಯಾಯ ಉತ್ತಮ ನಿದರ್ಶನವಾಗಿದೆ. ಚಿಂತೆಗೊಳಗಾಗದೆ ಎಲ್ಲ ಬೇಡಿಕೆಗಳನ್ನೂ ದೇವರಿಗೆ ತಿಳಿಯಪಡಿಸಬೇಕೆಂದು ಹೇಳುವಾಗ ಪೌಲನು ಪ್ರಾರ್ಥನೆ ಮತ್ತು ವಿಜ್ಞಾಪನೆಗಳ ಜೊತೆಗೆ ಕೃತಜ್ಞತಾಸ್ತುತಿಯನ್ನೂ ಸೇರಿಸುತ್ತಾನೆ. ಕೃತಜ್ಞತೆಯೆಂದರೆ ದೇವರು ಈಗಾಗಲೇ ಮಾಡಿದುದನ್ನು ಅರಿತಿರುವುದರ ಗುರುತು. ಆ ಅರಿವಿಲ್ಲದ ಬೇಡಿಕೆಯು ಅಪರಿಚಿತನ ಬಾಗಿಲು ತಟ್ಟಿದಂತಾಗುತ್ತದೆ. ಇದರ ಮುಂದಿನ ವಾಗ್ದಾನವನ್ನು ಎಚ್ಚರಿಕೆಯಿಂದ ಓದಬೇಕು. ಕೇಳಿದ್ದೆಲ್ಲವೂ ದೊರೆಯುತ್ತದೆಂದು ಪೌಲನು ಅಲ್ಲಿ ಹೇಳಿಲ್ಲ. ಬುದ್ಧಿಗೆ ಮೀರಿದ ದೇವಶಾಂತಿಯು ಹೃದಯವನ್ನೂ ಆಲೋಚನೆಗಳನ್ನೂ ಕಾಯುತ್ತದೆಂದು ಹೇಳಿದ್ದಾನೆ. ಕಾಯುವುದಕ್ಕೆ ಬಳಸಿದ ಗ್ರೀಕ್ ಪದವು ಕೋಟೆಯ ಕಾವಲಿಗೆ ನಿಂತ ಸೈನಿಕ ಪಡೆಯನ್ನು ನೆನಪಿಸುವಂತಹದು. ಹಳೆಯ ಸೈನಿಕರ ಊರಿನವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾವಲಿದ್ದರೂ ಮುತ್ತಿಗೆ ಮುಂದುವರಿಯಬಹುದು, ಆದರೆ ಕೋಟೆ ಬೀಳುವುದಿಲ್ಲ. ಹಸಿವಿನಲ್ಲಿಯೂ ಸಮೃದ್ಧಿಯಲ್ಲಿಯೂ ಸಂತೃಪ್ತನಾಗಿರುವುದನ್ನು ತಾನು ಕಲಿತಿದ್ದೇನೆಂದು ಸೆರೆಯಲ್ಲಿರುವ ಪೌಲನು ಮುಂದೆ ಹೇಳುತ್ತಾನೆ. ಕಲಿತದ್ದು ಎಂಬ ಮಾತಿನಲ್ಲೇ ಅದಕ್ಕೆ ಕಾಲ ಹಿಡಿಯಿತೆಂಬುದು ವ್ಯಕ್ತವಾಗುತ್ತದೆ.

ಆ ಕಾಲದ ನಡುವೆ ಬರುವ ಬರಡು ದಿನಗಳನ್ನು ಮರೆಮಾಚಬಾರದು. ಪ್ರಾರ್ಥನೆಯು ಸಪ್ಪೆಯಾಗಿ, ವಾಕ್ಯವು ಮುಚ್ಚಿದ ಬಾಗಿಲಿನಂತೆ ತೋರುವ ಸ್ಥಿತಿಯನ್ನು ಸ್ಪೇನಿನ ಕಾರ್ಮೆಲೈಟ್ ಸನ್ಯಾಸಿನಿ, ಆವಿಲಾದ ತೆರೇಸಾ ಚೆನ್ನಾಗಿ ಬಲ್ಲಳು. 1515ರಿಂದ 1582ರವರೆಗೆ ಬದುಕಿದ್ದ ಆಕೆ ತನ್ನ ಆತ್ಮಕಥೆಯಲ್ಲಿ ಪ್ರಾರ್ಥನಾ ಜೀವನವನ್ನು ತೋಟಕ್ಕೆ ನೀರುಣಿಸುವ ನಾಲ್ಕು ಬಗೆಗಳಿಗೆ ಹೋಲಿಸುತ್ತಾಳೆ: ಮೊದಲು ಬಾವಿಯಿಂದ ಸೇದಿ ಹೊರುವುದು, ಆಮೇಲೆ ಚಕ್ರ ತಿರುಗಿಸಿ ನೀರೆತ್ತುವುದು, ಅದಾದ ಮೇಲೆ ಹೊಳೆ ಅಥವಾ ಕಾಲುವೆಯ ನೀರನ್ನು ಹರಿಸುವುದು, ಕೊನೆಗೆ ಆಕಾಶದಿಂದ ಮಳೆ ಬೀಳುವುದು. ಮನುಷ್ಯನ ಶ್ರಮ ಕಡಿಮೆಯಾಗುತ್ತ ದೇವರ ಕೃಪೆಯ ಪಾಲು ಹೆಚ್ಚುತ್ತ ಹೋಗುವ ಈ ಕ್ರಮದಲ್ಲಿ, ಬಾವಿಯೇ ಬತ್ತಿದ ದಿನದಲ್ಲೂ ತೋಟಗಾರನು ತೋಟವನ್ನು ಬಿಟ್ಟು ಹೋಗಬಾರದೆಂಬುದು ಆಕೆಯ ಬೋಧನೆ. ತೋಟವು ಕರ್ತನದಾದ್ದರಿಂದ ಅದರ ಚಿಂತೆಯೂ ಅವನದೇ. ಪ್ರಾರ್ಥನೆಯಲ್ಲಿ ಎಷ್ಟೇ ಎತ್ತರಕ್ಕೆ ಹೋದರೂ ಮನುಷ್ಯನಾಗಿ ಬಂದ ಯೇಸುವನ್ನು ಹಿಂದಕ್ಕೆ ಬಿಟ್ಟು ಹೋಗಬಾರದೆಂದೂ ಆಕೆ ಒತ್ತಿ ಹೇಳಿದ್ದಾಳೆ. ದಣಿದು ಬಾವಿಕಟ್ಟೆಯಲ್ಲಿ ಕುಳಿತವನು, ಗೆಳೆಯನ ಸಮಾಧಿಯ ಬಳಿ ಅತ್ತವನು, ಗೆತ್ಸೇಮನೆಯಲ್ಲಿ ತಂದೆಯನ್ನು 'ಅಬ್ಬಾ' ಎಂದು ಕರೆದು ತನ್ನ ಚಿತ್ತವನ್ನು ಒಪ್ಪಿಸಿದವನು, ಆ ಯೇಸುವೇ ಬರಡು ದಿನದ ಪ್ರಾರ್ಥನೆಗೂ ಒಡನಾಡಿ.

ಇಷ್ಟೆಲ್ಲ ಹೇಳಿದ ಮೇಲೂ ಪೌಲನು ಅರಿವಿನ ಪರೀಕ್ಷೆಯನ್ನು ಧ್ಯಾನದ ಕೋಣೆಯಲ್ಲಿ ನಡೆಸುವುದಿಲ್ಲ. ಫಿಲಿಪ್ಪಿಯ ಸಭೆಯಲ್ಲಿ ಯುವೊದ್ಯ ಮತ್ತು ಸಂತುಕೆ ಎಂಬ ಇಬ್ಬರು ಸ್ತ್ರೀಯರಿದ್ದರು. ಸುವಾರ್ತೆಗಾಗಿ ಪೌಲನ ಜೊತೆಗೂಡಿ ಹೋರಾಡಿದ ಅವರ ನಡುವೆ ಈಗ ಮನಸ್ತಾಪವಿತ್ತು. ಅವರು ಒಂದೇ ಮನಸ್ಸುಳ್ಳವರಾಗಬೇಕೆಂದು ಪೌಲನು ಬೇಡಿಕೊಳ್ಳುವಾಗ ಬಳಸುವ 'ಫ್ರೊನೇನ್' ಎಂಬ ಕ್ರಿಯಾಪದವು, ಕ್ರಿಸ್ತನಲ್ಲಿದ್ದ ಮನಸ್ಸನ್ನು ಹೊಂದಿರಿ ಎಂದು ಸ್ತುತಿಗೀತೆಗೆ ಪೀಠಿಕೆ ಹಾಕುವಾಗ ಬಳಸಿದ ಕ್ರಿಯಾಪದವೇ ಆಗಿದೆ. ಈ ಚಿಕ್ಕ ಪತ್ರಿಕೆಯಲ್ಲಿ ಅದು ಹತ್ತು ಬಾರಿ ಬರುತ್ತದೆ. ತನ್ನನ್ನು ಬರಿದುಮಾಡಿಕೊಂಡ ಕ್ರಿಸ್ತನ ಸ್ತುತಿಯು ಮುಟ್ಟಬೇಕಾದ ಸ್ಥಳ ಈ ಇಬ್ಬರ ನಡುವಿನ ಮೌನ. ಒಂದೇ ಆರಾಧನೆಯಲ್ಲಿ ಹಾಡಿ, ಒಬ್ಬರ ಮುಖವನ್ನೊಬ್ಬರು ನೋಡದೆ ಹೊರನಡೆಯುವವರು ಆ ಹಾಡನ್ನು ಇನ್ನೂ ಅರಿಯಬೇಕಾಗಿದೆ. ಕ್ರೈಸ್ತ ಜೀವನದ ಆಳವನ್ನು ಪ್ರಾರ್ಥನೆಯ ಗಂಟೆಗಳಿಂದಾಗಲಿ ಕಂಠಪಾಠವಾದ ವಾಕ್ಯಗಳ ಸಂಖ್ಯೆಯಿಂದಾಗಲಿ ಅಳೆಯಲಾಗದು. ಮೊದಲು ಕೈಚಾಚುವವರು ಯಾರು ಎಂಬಲ್ಲಿ ಅದು ಕಾಣಿಸಿಕೊಳ್ಳುತ್ತದೆ.

ಕ್ರಿಸ್ತನಿಗಾಗಿ ಎಲ್ಲವನ್ನೂ ನಷ್ಟವೆಂದೆಣಿಸಿದ ಪೌಲನೇ ತಾನಿನ್ನೂ ಗುರಿಯನ್ನು ಹಿಡಿದಿಲ್ಲವೆಂದೂ, ಕ್ರಿಸ್ತನು ತನ್ನನ್ನು ಹಿಡಿದುಕೊಂಡಿರುವುದರಿಂದಲೇ ಅದನ್ನು ಹಿಡಿಯಲು ಓಡುತ್ತಿರುವೆನೆಂದೂ ಒಪ್ಪಿಕೊಳ್ಳುತ್ತಾನೆ. ದಮಸ್ಕದ ದಾರಿಯಲ್ಲಿ ಕ್ರಿಸ್ತನನ್ನು ಕಂಡು ವರ್ಷಗಳೇ ಕಳೆದು, ಊರೂರುಗಳಲ್ಲಿ ಸಭೆಗಳನ್ನು ಕಟ್ಟಿ, ಸೆರೆಯಲ್ಲಿ ಕುಳಿತಿರುವವನ ಹಂಬಲ ಇನ್ನೂ ಅದೇ: ಅವನನ್ನು ಅರಿಯಬೇಕು. ಆರಂಭದಲ್ಲೇ ಸೋತೆನೆಂದು ಕುಗ್ಗುವ ವಿಶ್ವಾಸಿಗೆ ಇದರಲ್ಲಿ ಧೈರ್ಯವಿದೆ, ಎಲ್ಲವನ್ನೂ ಅರಿತೆನೆಂದು ನಿಲ್ಲುವ ವಿಶ್ವಾಸಿಗೆ ಎಚ್ಚರಿಕೆಯಿದೆ. ಫಿಲಿಪ್ಪಿಯ ನದೀತೀರದಲ್ಲಿ ಪ್ರಾರ್ಥನೆಗೆಂದು ಕುಳಿತ ಲುದ್ಯಳು ಕ್ರಿಸ್ತನ ಹೆಸರನ್ನು ಕೇಳುವ ಮೊದಲೇ ಅವನು ಆಕೆಯನ್ನು ಅರಿತಿದ್ದನು. ಪ್ರಾರ್ಥಿಸುವ ಪ್ರತಿಯೊಬ್ಬರೂ ಹೀಗೆ ಮೊದಲೇ ಅರಿಯಲ್ಪಟ್ಟವರಾಗಿದ್ದು, ತಮ್ಮನ್ನು ಬಲ್ಲವನನ್ನು ತಾವೂ ಬಲ್ಲವರಾಗಲು ದಿನದಿನವೂ ಮತ್ತೆ ಮೊಣಕಾಲೂರುತ್ತಾರೆ.