ನಮ್ಮ ಪರವಾಗಿ ಒಪ್ಪಿದವರು ಯಾರು?

2009ನೆಯ ಇಸವಿಯ ಗಾಂಧಿ ಜಯಂತಿಯಂದು ಕಾಸರಗೋಡಿನಿಂದ ತಿರುವನಂತಪುರದವರೆಗೆ ಕೇರಳದ ಹೆದ್ದಾರಿಯ ಬದಿಯಲ್ಲಿ ಜನರು ಕೈಗೆ ಕೈ ಜೋಡಿಸಿ ನಿಂತರು. ಅಂದು ರಾಜ್ಯವನ್ನಾಳುತ್ತಿದ್ದ ಎಡಪಕ್ಷಗಳು ಏರ್ಪಡಿಸಿದ್ದ ಮಾನವ ಸರಪಳಿಯದು. ಅದೇ ವರ್ಷದ ಆಗಸ್ಟ್ 13ರಂದು ಬ್ಯಾಂಕಾಕಿನಲ್ಲಿ ಭಾರತವು ಆಗ ಆಗ್ನೇಯ ಏಷ್ಯದ ಹತ್ತು ರಾಷ್ಟ್ರಗಳ ಕೂಟವಾಗಿದ್ದ ಆಸಿಯಾನ್‌ನೊಡನೆ ಸರಕುಗಳ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತ್ತು. ತೆಂಗು, ಕರಿಮೆಣಸು, ಚಹಾ, ಕಾಫಿಗಳ ಬೆಲೆ ಕುಸಿಯುವುದೆಂಬ ಆತಂಕವು ಆ ಸರಪಳಿಯ ಕಾರಣವಾಗಿತ್ತು. ನಮ್ಮಲ್ಲಿ ಕೆಲವರು ಅಂದು ಸಾಲಿನಲ್ಲಿ ನಿಂತಿದ್ದರು; ಕೆಲವರು ಅದು ಪಕ್ಷದ ಕೆಲಸವೆಂದು ತೋಟದಲ್ಲಿಯೇ ಉಳಿದಿದ್ದರು. ಇಂದು ಅವರಲ್ಲಿ ಯಾರು ಸರಿಯೆಂದು ತೀರ್ಪು ಕೊಡುವುದು ನಮ್ಮ ಉದ್ದೇಶವಲ್ಲ. ಆ ಸರಪಳಿಯ ಹಿಂದಿದ್ದ, ಆದರೆ ಘೋಷಣೆಗಳಲ್ಲಿ ಕೇಳಿಬಾರದ ಒಂದು ಪ್ರಶ್ನೆಯನ್ನು ಇಲ್ಲಿ ಎತ್ತಿಕೊಳ್ಳಬೇಕೆಂದಿದ್ದೇವೆ. ಒಬ್ಬನ ಬದುಕಿನ ಮೇಲೆ ಪರಿಣಾಮ ಬೀರುವ ಮಾತನ್ನು ಅವನ ಪರವಾಗಿ ಇನ್ನೊಬ್ಬನು ಕೊಡಬಹುದೇ? ಕೊಡಬಹುದಾದರೆ, ಯಾವ ಕಟ್ಟುಪಾಡಿಗೆ ಒಳಪಟ್ಟು?

ಮೊದಲು ಸಂಗತಿಯನ್ನು ನೋಡೋಣ. ಆಸಿಯಾನ್ ಒಪ್ಪಂದದ ಚೌಕಟ್ಟಿಗೆ 2003ರ ಅಕ್ಟೋಬರಿನಲ್ಲಿ ಬಾಲಿಯಲ್ಲಿ ಒಂದು ಸರ್ಕಾರ ಸಹಿ ಹಾಕಿತು. ಆರು ವರ್ಷಗಳ ಚೌಕಾಶಿಯ ತರುವಾಯ ಪೂರ್ಣ ಒಪ್ಪಂದಕ್ಕೆ ಬೇರೆ ಪಕ್ಷದ ಸರ್ಕಾರ ಸಹಿ ಹಾಕಿತು. ಸುಂಕ ಇಳಿಸಲಾಗದ ವಸ್ತುಗಳೆಂದು ಭಾರತವು ಮೊದಲು ಮುಂದಿಟ್ಟ ಪಟ್ಟಿಯಲ್ಲಿ ಸಾವಿರದ ನಾನ್ನೂರಕ್ಕೂ ಹೆಚ್ಚು ಬಾಬುಗಳಿದ್ದವು. ಕೊನೆಗೆ ಉಳಿದವು 489. ರಬ್ಬರು ಆ ಪಟ್ಟಿಯಲ್ಲಿ ಉಳಿಯಿತು. ಕರಿಮೆಣಸು, ಚಹಾ, ಕಾಫಿ, ತಾಳೆ ಎಣ್ಣೆಗಳನ್ನು 'ವಿಶೇಷ ಉತ್ಪನ್ನ'ಗಳೆಂದು ಕರೆದು, ಅವುಗಳ ಸುಂಕವನ್ನು 2019ರ ಕೊನೆಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಲು ಒಪ್ಪಲಾಯಿತು: ಕರಿಮೆಣಸಿಗೆ ಶೇ. 70ರಿಂದ 50ಕ್ಕೆ, ಚಹಾ ಮತ್ತು ಕಾಫಿಗೆ ಶೇ. 100ರಿಂದ 45ಕ್ಕೆ, ಕಚ್ಚಾ ತಾಳೆ ಎಣ್ಣೆಗೆ ಶೇ. 80ರಿಂದ 37.5ಕ್ಕೆ.

ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ತಾಳೆ ಎಣ್ಣೆಯಿಂದ ತೆಂಗಿನೆಣ್ಣೆಗೆ ಬಂದ ಪೆಟ್ಟನ್ನೆಲ್ಲ ಈ ಒಪ್ಪಂದದ ತಲೆಗೆ ಕಟ್ಟುವುದು ನ್ಯಾಯವಲ್ಲ. ಸಹಿ ಬೀಳುವುದಕ್ಕೆ ಒಂದು ವರ್ಷಕ್ಕೂ ಮುನ್ನ, 2008ರ ಏಪ್ರಿಲಿನಲ್ಲಿಯೇ, ಬೆಲೆಯೇರಿಕೆಯನ್ನು ತಡೆಯಲೆಂದು ಕಚ್ಚಾ ತಾಳೆ ಎಣ್ಣೆಯ ಸುಂಕವನ್ನು ಸರ್ಕಾರ ತಾನಾಗಿಯೇ ಪೂರ್ಣವಾಗಿ ತೆಗೆದುಹಾಕಿತ್ತು. ಹಾಗಿದ್ದಲ್ಲಿ ಒಪ್ಪಂದದಿಂದ ಆದ ವ್ಯತ್ಯಾಸವೇನು? ಅದು ತಿಳಿದದ್ದು ಹತ್ತು ವರ್ಷಗಳ ಮೇಲೆ. 2018ರ ಮಾರ್ಚಿನಲ್ಲಿ ನಮ್ಮ ಎಣ್ಣೆಬೀಜದ ರೈತರನ್ನು ಕಾಯಲು ಸರ್ಕಾರವು ಆ ಸುಂಕವನ್ನು ಶೇ. 44ಕ್ಕೆ ಏರಿಸಿತು. ಆದರೆ ಕೊಟ್ಟ ಮಾತು ಎದುರು ನಿಂತಿತ್ತು. 2019ರ ಆರಂಭದಲ್ಲಿ ಶೇ. 40ಕ್ಕೂ, 2020ರ ಆರಂಭದಲ್ಲಿ ಶೇ. 37.5ಕ್ಕೂ ಇಳಿಸಬೇಕಾಯಿತು. ಸರ್ಕಾರವೊಂದು ತಾನಾಗಿ ಇಳಿಸಿದ ಸುಂಕವನ್ನು ಮುಂದಿನ ಸರ್ಕಾರ ಏರಿಸಬಹುದು. ಒಪ್ಪಂದದಲ್ಲಿ ಇಳಿಸಿದ್ದನ್ನು ಏರಿಸಲಾಗದು. ಎಂದರೆ ಒಪ್ಪಂದವು ಇಂದಿನವರನ್ನು ಮಾತ್ರವಲ್ಲ, ಇನ್ನೂ ಮತ ಹಾಕದ ಮುಂದಿನವರನ್ನೂ ಕಟ್ಟುತ್ತದೆ. ಇಷ್ಟು ದೂರ ಕೈಚಾಚುವ ಮಾತನ್ನು ಕೊಡುವವನಿಗೆ ಇರಬೇಕಾದ ಅಧಿಕಾರವೂ ಅಷ್ಟೇ ಗಟ್ಟಿಯಾಗಿರಬೇಕಲ್ಲವೇ?

ನಮ್ಮ ಸಂವಿಧಾನದಲ್ಲಿ ಆ ಅಧಿಕಾರ ಎಲ್ಲಿದೆ? ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 14ನೆಯ ನಮೂದು ಕೃಷಿ. ಕೇಂದ್ರಪಟ್ಟಿಯಲ್ಲಿ ಅದೇ 14ನೆಯ ನಮೂದು ವಿದೇಶಗಳೊಡನೆ ಒಪ್ಪಂದ. ಎರಡೂ ಎದುರುಬದುರಾದಾಗ ಗೆಲ್ಲುವುದು ಎರಡನೆಯದು. 253ನೆಯ ವಿಧಿಯು ಒಪ್ಪಂದವನ್ನು ಜಾರಿಗೊಳಿಸಲು ರಾಜ್ಯದ ವಿಷಯಗಳಲ್ಲಿಯೂ ಕಾನೂನು ಮಾಡುವ ಶಕ್ತಿಯನ್ನು ಸಂಸತ್ತಿಗೆ ಕೊಟ್ಟಿದೆ. ಆದರೆ ಸಹಿ ಹಾಕುವ ಮುನ್ನ ಸಂಸತ್ತಿನ ಮತ ಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಸಹಿಯ ತರುವಾಯ ಸುಂಕ ಇಳಿಸಲು 1962ರ ಕಸ್ಟಮ್ಸ್ ಕಾಯಿದೆಯ 25ನೆಯ ಕಲಮಿನಡಿ ಒಂದು ಅಧಿಸೂಚನೆ ಸಾಕು. ಬೆಂಗಳೂರಿನವರೇ ಆದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗವು, ಒಪ್ಪಂದ ಮಾಡುವ ಅಧಿಕಾರವನ್ನು ಸಂಸತ್ತು ಕಾನೂನಿನ ಮೂಲಕ ಕ್ರಮಬದ್ಧಗೊಳಿಸಬೇಕೆಂದು 2002ರಲ್ಲಿಯೇ ಸಲಹೆ ಮಾಡಿತು. ಅಂತಹ ಕಾನೂನು ಬರಲಿಲ್ಲ.

ಗಡಿನಾಡಿನವರಾದ ನಮಗೆ ಇಲ್ಲಿ ಒಂದು ಹೋಲಿಕೆ ತಾನಾಗಿ ಮನಸ್ಸಿಗೆ ಬರುತ್ತದೆ. ರಾಜ್ಯವೊಂದರ ಗಡಿಯನ್ನು ಬದಲಿಸುವ ಮಸೂದೆಯನ್ನು, ಸಂವಿಧಾನದ 3ನೆಯ ವಿಧಿಯಂತೆ, ಆ ರಾಜ್ಯದ ಶಾಸನಸಭೆಯ ಅಭಿಪ್ರಾಯಕ್ಕೆ ಕಳುಹಿಸಲೇಬೇಕು. ಅಭಿಪ್ರಾಯವನ್ನು ಒಪ್ಪಲೇಬೇಕೆಂದಿಲ್ಲ, ಕೇಳಲೇಬೇಕು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ, ಕೇಳುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ಇರುವ ಅಂತರವನ್ನು ನಮ್ಮ ಹಿರಿಯರು ಕಂಡರು. ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಅಂದಿನ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ ಮೇಲೂ ಏನೂ ಆಗಲಿಲ್ಲ. ಆದರೂ ಅಲ್ಲಿ ಒಂದು ಮಸೂದೆಯಿತ್ತು, ಚರ್ಚೆಯಿತ್ತು, ಎಣಿಸಿದ ಮತಗಳಿದ್ದವು. ವಿರೋಧಿಸಿದವನ ಮಾತು ಕಡತದಲ್ಲಿ ಉಳಿಯಿತು. ಭೂಮಿಯ ಗೆರೆ ಬದಲಾದಾಗ ಇರುವ ಈ ಮರ್ಯಾದೆ, ಆ ಭೂಮಿಯ ಬೆಳೆಯ ಬೆಲೆ ಬದಲಾಗುವಾಗ ಇಲ್ಲ.

ಇದಕ್ಕೆ ಎದುರು ವಾದವಿದೆ, ಅದು ಹಗುರವಾದುದಲ್ಲ. ಚೌಕಾಶಿಗೆ ಗುಟ್ಟು ಬೇಕು. ನಮ್ಮ ದನದ ಜಾತ್ರೆಗಳಲ್ಲಿ ವ್ಯಾಪಾರಿಗಳು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ಹಳಬರು ಬಲ್ಲರು. ಎಷ್ಟಕ್ಕೆ ಇಳಿಯಬಲ್ಲೆನೆಂಬುದನ್ನು ಸಂತೆಯಲ್ಲಿ ಕೂಗಿ ಹೇಳಿದವನ ಎತ್ತು ಅಷ್ಟಕ್ಕೇ ಹೋಗುತ್ತದೆ. ಅಲ್ಲದೆ, ಮುಗಿದ ಮಾತನ್ನು ಶಾಸನಸಭೆಯು ಬಾಬು ಬಾಬಾಗಿ ತಿದ್ದತೊಡಗಿದರೆ ಯಾವ ದೇಶವೂ ನಮ್ಮೊಡನೆ ಮಾತಿಗೆ ಕೂರದು. ಈ ಕಾರಣದಿಂದಲೇ ಅಮೆರಿಕದ ಕಾಂಗ್ರೆಸ್ಸು 1974ರ ವ್ಯಾಪಾರ ಕಾಯಿದೆಯ ಮೂಲಕ ತನ್ನ ಕೈಯನ್ನು ತಾನೇ ಕಟ್ಟಿಕೊಂಡು, ಒಪ್ಪಂದಗಳನ್ನು ತಿದ್ದುಪಡಿಯಿಲ್ಲದೆ ಒಪ್ಪುವ ಇಲ್ಲವೇ ತಳ್ಳುವ ಪದ್ಧತಿಯನ್ನು ತಂದಿತು. ಮಧ್ಯ ಅಮೆರಿಕದ ದೇಶಗಳೊಡನೆ ಮಾಡಿದ ಒಪ್ಪಂದ 2005ರ ಜುಲೈಯಲ್ಲಿ ಅಲ್ಲಿನ ಕೆಳಮನೆಯಲ್ಲಿ 217ಕ್ಕೆ 215 ಮತಗಳಿಂದ ಪಾರಾಯಿತು.

ಗುಟ್ಟಿನ ವಾದವನ್ನು ನಾವು ಒಪ್ಪುತ್ತೇವೆ. ಆದರೆ ಜಾತ್ರೆಯ ಹೋಲಿಕೆಯನ್ನು ಕೊನೆಯವರೆಗೂ ಒಯ್ಯಬೇಕು. ವಸ್ತ್ರದ ಮರೆಯಲ್ಲಿ ದಲ್ಲಾಳಿ ಬೆರಳೆಣಿಸಿದರೂ ಎತ್ತಿನ ಹಗ್ಗ ಯಜಮಾನನ ಕೈಯಲ್ಲಿರುತ್ತದೆ. ವಸ್ತ್ರ ಸರಿದ ಮೇಲೆ ಬೆಲೆಯನ್ನು ಕೇಳಿ, ಒಲ್ಲೆನೆಂದು ಎತ್ತನ್ನು ಮನೆಗೆ ಹೊಡೆದುಕೊಂಡು ಹೋಗುವ ಹಕ್ಕು ಅವನಿಗಿದೆ. ಮಾತುಕತೆಯ ಕಾಲದ ಗುಟ್ಟನ್ನು ಸಮರ್ಥಿಸುವ ಕಾರಣವು ಮಾತುಕತೆ ಮುಗಿದ ಮೇಲಿನ ಮೌನವನ್ನು ಸಮರ್ಥಿಸಲಾರದು.

ಹಾಗಾದರೆ ಮತ ಹಾಕಿಸಿದರೆ ಸಾಕೇ? 2007ರ ಅಕ್ಟೋಬರ್ 7ರಂದು ಕೋಸ್ಟರಿಕಾ ದೇಶವು ಅದೇ ಮಧ್ಯ ಅಮೆರಿಕದ ಒಪ್ಪಂದವನ್ನು ಜನಮತಕ್ಕೆ ಹಾಕಿತು, ಶೇ. 51ಕ್ಕೆ ತುಸು ಮೇಲೆ ಒಪ್ಪಿದರು. 2021ರ ಮಾರ್ಚ್ 7ರಂದು ಸ್ವಿಟ್ಜರ್ಲೆಂಡಿನ ಜನ ಇಂಡೋನೇಷ್ಯದೊಡನೆಯ ಒಪ್ಪಂದದ ಮೇಲೆ ಮತ ಹಾಕಿದರು. ಅಲ್ಲಿಯೂ ವಿವಾದ ತಾಳೆ ಎಣ್ಣೆಯದೇ, ಒಪ್ಪಿದವರೂ ಶೇ. 51ಕ್ಕೆ ತುಸು ಮೇಲೆ. ಈ ಎರಡೂ ಕಡೆ ಅಧಿಕಾರವು ಸಂದೇಹಕ್ಕೆಡೆಯಿಲ್ಲದಂತೆ ಸ್ಥಾಪಿತವಾಯಿತು. ಆದರೆ ಒಪ್ಪದ ಶೇ. 48 ಜನ ಮರುದಿನವೂ ಅದೇ ದೇಶದಲ್ಲಿ ಬೆಳಗನ್ನು ಕಾಣಬೇಕಾಗಿತ್ತು. ಎಲ್ಲಿಯೂ ಎಣಿಕೆಯಲ್ಲಿ ಗೆಲ್ಲಲಾರದ ಭಾಷಾ ಅಲ್ಪಸಂಖ್ಯಾತರಾಗಿ ಬಾಳಿದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ: ಮತವು ಯಾರು ತೀರ್ಮಾನಿಸಬೇಕೆಂಬುದನ್ನು ಹೇಳುತ್ತದೆ, ಸೋತವರಿಗೆ ಏನು ಸಲ್ಲಬೇಕೆಂಬುದನ್ನು ಹೇಳುವುದಿಲ್ಲ.

ಅರ್ಥಶಾಸ್ತ್ರವೂ ಈ ಜಾಗದಲ್ಲಿಯೇ ನಿಂತುಬಿಡುತ್ತದೆ. ಇಂಗ್ಲೆಂಡಿನ ಬಟ್ಟೆಯನ್ನೂ ಪೋರ್ಚುಗಲ್ಲಿನ ದ್ರಾಕ್ಷಾರಸವನ್ನೂ ಉದಾಹರಿಸಿ ಡೇವಿಡ್ ರಿಕಾರ್ಡೊ 1817ರಲ್ಲಿ ತೋರಿಸಿದಂತೆ, ವಿನಿಮಯದಿಂದ ಎರಡೂ ದೇಶಗಳ ಒಟ್ಟು ಗಳಿಕೆ ಹೆಚ್ಚಬಹುದು. ಗೆದ್ದವರು ಸೋತವರ ನಷ್ಟವನ್ನು ತುಂಬಿಕೊಟ್ಟ ಮೇಲೂ ಲಾಭದಲ್ಲಿಯೇ ಉಳಿಯುವಂತಿದ್ದರೆ ಆ ಬದಲಾವಣೆಯಿಂದ ಒಟ್ಟು ಸಂಪತ್ತು ಹೆಚ್ಚಿದಂತೆ ಎಂದು 1939ರಲ್ಲಿ ನಿಕೊಲಸ್ ಕಾಲ್ಡೋರ್ ಹೇಳಿದರು. 'ತುಂಬಿಕೊಡುವಂತಿದ್ದರೆ' ಎಂದರೇ ಹೊರತು 'ತುಂಬಿಕೊಟ್ಟರೆ' ಎನ್ನಲಿಲ್ಲ. ತುಂಬಿಕೊಡಬೇಕೇ ಎಂಬುದು ಲೆಕ್ಕದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ. ಸಾಲ ತೀರಿಸುವ ಶಕ್ತಿಯಿದೆಯೆಂದ ಮಾತ್ರಕ್ಕೆ ಸಾಲ ತೀರಿತೆಂದು ನಾವು ಯಾರೂ ಬರೆದುಕೊಳ್ಳುವುದಿಲ್ಲ.

ನಾವೂ ಈ ಲೆಕ್ಕದ ಹೊರಗಿಲ್ಲ. ಸೊಲ್ಲಾಪುರದ ಕೂಲಿಯವನ ಮನೆಯ ಒಗ್ಗರಣೆಗೆ ಅಗ್ಗದ ಎಣ್ಣೆ ಬೇಕು. ಬದಿಯಡ್ಕದ ತೋಟದಲ್ಲಿ ಅಡಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದವನಿಗೆ ಒಳ್ಳೆಯ ಬೆಲೆ ಬೇಕು. ಇಬ್ಬರೂ ನಮ್ಮವರು. ಕಡಲಾಚೆ ವಿಯೆಟ್ನಾಮಿನಲ್ಲಿ ಮೆಣಸು ಕೊಯ್ಯುವವನೂ ಹೆಚ್ಚಾಗಿ ಸಣ್ಣ ಹಿಡುವಳಿಯವನೇ. ಅವನು ನಮ್ಮ ವೈರಿಯಲ್ಲ. ಆದುದರಿಂದ ಬಾಗಿಲನ್ನು ಮುಚ್ಚಿರೆಂಬುದು ನಮ್ಮ ವಾದವಲ್ಲ. ಅಗ್ಗದ ಎಣ್ಣೆಯಿಂದ ಉಳಿದ ಕಾಸಿನಲ್ಲಿ, ಅದರಿಂದ ಬೆಲೆ ಕಳೆದುಕೊಂಡವನ ಪಾಲೊಂದಿದೆ ಎಂಬುದನ್ನು ಮರೆಯಬಾರದು, ಅಷ್ಟೆ.

ಇದು ಆಗದ ಮಾತೆನ್ನುವವರಿಗೆ ಬೆಲ್ಜಿಯಂ ದೇಶವನ್ನು ತೋರಿಸಬಹುದು. ಕೆನಡಾ ಮತ್ತು ಯುರೋಪಿಯನ್ ಒಕ್ಕೂಟಗಳ ಒಪ್ಪಂದಕ್ಕೆ ಆ ದೇಶದ ಸಹಿ ಬೀಳಬೇಕಾದರೆ ಅಲ್ಲಿನ ಪ್ರಾದೇಶಿಕ ಶಾಸನಸಭೆಗಳೂ ಒಪ್ಪಬೇಕಿತ್ತು. 2016ರ ಅಕ್ಟೋಬರಿನಲ್ಲಿ ಸುಮಾರು 36 ಲಕ್ಷ ಜನರ ವಲೋನಿಯ ಪ್ರದೇಶ ಒಲ್ಲೆನೆಂದಿತು. ಹೂಡಿಕೆದಾರರ ನ್ಯಾಯಮಂಡಳಿಯ ಬಗೆಗೆ, ರೈತರ ಬಗೆಗೆ ಅದು ಎತ್ತಿದ ಶಂಕೆಗಳಿಗೆ ಲಿಖಿತ ವಿವರಣೆ ದೊರೆಯಿತು. ನ್ಯಾಯಮಂಡಳಿಯ ವಿಚಾರವನ್ನು ಯುರೋಪಿನ ನ್ಯಾಯಾಲಯದ ಅಭಿಪ್ರಾಯಕ್ಕೆ ಕಳುಹಿಸಲು ಬೆಲ್ಜಿಯಂ ಒಪ್ಪಿತು. ಅಕ್ಟೋಬರ್ 30ರಂದು ಸಹಿಯೂ ಆಯಿತು. ಒಪ್ಪಂದವೂ ಉಳಿಯಿತು, ಒಲ್ಲೆನೆಂದವರ ಮರ್ಯಾದೆಯೂ ಉಳಿಯಿತು. ನಮ್ಮ ಮನಸ್ಸನ್ನು ಇನ್ನೂ ಹೆಚ್ಚಾಗಿ ಮುಟ್ಟುವ ಸಂಗತಿಯೆಂದರೆ, ಅಲ್ಲಿ ಸಮ್ಮತಿ ಕೇಳಲ್ಪಟ್ಟ ಸಭೆಗಳಲ್ಲಿ ಎಂಬತ್ತು ಸಾವಿರಕ್ಕೂ ಕಡಿಮೆ ಜನರಿರುವ ಜರ್ಮನ್ ಭಾಷಿಕ ಸಮುದಾಯದ ಸಭೆಯೂ ಒಂದು. ಅವರೂ ಗಡಿನಾಡಿನವರೇ.

ಅಷ್ಟನ್ನು ನಾವು ಬೇಡುತ್ತಿಲ್ಲ. ಮಾತುಕತೆ ಮುಗಿದು ಸಹಿ ಬೀಳುವ ಮುನ್ನ ಪಠ್ಯವು ಸಂಸತ್ತಿನ ಮುಂದೆ ಬರಲಿ, ಅಲ್ಲಿ ಎಣಿಸಿದ ಮತ ಬೀಳಲಿ. ಗಡಿಯ ಮಸೂದೆಯಂತೆಯೇ, ಬೆಳೆಯ ಮೇಲೆ ಪರಿಣಾಮ ಬೀರುವ ಒಪ್ಪಂದದ ಬಗೆಗೂ ಸಂಬಂಧಿಸಿದ ರಾಜ್ಯಗಳ ಶಾಸನಸಭೆಗಳನ್ನು ಕೇಳಲಿ. ಬೆಳೆಗಾರ ಓದಬಲ್ಲ ಭಾಷೆಯಲ್ಲಿ, ಕಾಸರಗೋಡಿನಲ್ಲಿ ಮಲಯಾಳದೊಡನೆ ಕನ್ನಡದಲ್ಲಿಯೂ, ಅದರ ಸಾರಾಂಶ ದೊರೆಯಲಿ. ತಿಳಿಯದ ಮಾತಿಗೆ ಯಾರೂ ಒಪ್ಪಿಗೆ ಕೊಡಲಾರರು. ನಷ್ಟವಾಗುವುದೆಂದು ಮೊದಲೇ ತಿಳಿದವರಿಗೆ ಪರಿಹಾರವನ್ನು ಒಪ್ಪಂದದ ಜೊತೆಯಲ್ಲಿಯೇ ನಿಗದಿಪಡಿಸಲಿ.

ಇವೆಲ್ಲ ನಡೆದರೂ ತೀರ್ಮಾನವು ನಮ್ಮ ವಿರುದ್ಧ ಹೋಗಬಹುದು. ಆಗ ನಾವು ಅದನ್ನು ಹೊರುತ್ತೇವೆ. ಹೊರೆ ಹೊತ್ತು ನಮಗೆ ರೂಢಿಯಿದೆ. ಆದರೆ 2009ರ ಆ ದಿನ ಹೆದ್ದಾರಿಯ ಬದಿಯಲ್ಲಿ ನಿಂತವರು ಸಹಿಯಾಗಿ ಏಳು ವಾರಗಳ ಮೇಲೆ ನಿಂತಿದ್ದರು. ಅಷ್ಟು ಜನ ಕೈಜೋಡಿಸಿ ಹೇಳಬೇಕಾಗಿದ್ದ ಮಾತನ್ನು, ಸಹಿಗೆ ಮೊದಲೇ, ಸಭೆಯೊಂದರಲ್ಲಿ ಕೈಯೆತ್ತಿ ಹೇಳಲು ಅವರ ಪ್ರತಿನಿಧಿಗಳಿಗೆ ಅವಕಾಶವಿರಬೇಕಾಗಿತ್ತು.