ಕಂಡವನ ಮಾತು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಬದುಕುವ ನಮಗೆ ಕಡಲೆಂದರೆ ರಜೆಯ ದಿನ ಮಕ್ಕಳೊಡನೆ ಪಣಂಬೂರಿಗೋ ಸೋಮೇಶ್ವರಕ್ಕೋ ಹೋಗಿ ಕಾಲು ತೋಯಿಸಿಕೊಂಡು ಬರುವ ಜಾಗ. ನಮ್ಮ ದಿನಗಳು ಕಳೆಯುವುದು ಅಡಿಕೆ ತೋಟ, ಗುಡ್ಡ, ಹೊಳೆಗಳ ನಡುವೆ. ಆದರೂ ನಮ್ಮ ಧರ್ಮಕೇಂದ್ರಗಳಲ್ಲಿ ಹಡಗಿನಲ್ಲಿ ದುಡಿದು ಬಂದವರಿದ್ದಾರೆ. ಅಂಥವರೊಬ್ಬರ ಮನೆಯಲ್ಲಿ ನಡೆದ ಸಣ್ಣ ಸಂಗತಿಯೊಂದು ನನ್ನನ್ನು ಬಹುಕಾಲದಿಂದ ಕಾಡುತ್ತಿದೆ.

ಹದಿನೈದು ವರ್ಷಗಳ ಹಿಂದೆ ಮೂಡುಬಿದಿರೆಯ ಸಮೀಪದ ಆ ಮನೆಗೆ ಆಶೀರ್ವಾದಕ್ಕೆಂದು ಹೋಗಿದ್ದೆ. ಮನೆಯ ಯಜಮಾನರು ಸರಕು ಹಡಗಿನ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ದುಡಿದವರು. ಕಾಫಿ ಕುಡಿಯುತ್ತಾ, “ಫಾದರ್, ಒಂದು ಬಿರುಗಾಳಿಯ ಬೆಳಿಗ್ಗೆ ನಮ್ಮೆದುರು ಬಂದದ್ದು ಅಲೆಯಲ್ಲ, ಗೋಡೆ. ಎರಡು ತೆಂಗಿನ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದ ಹಾಗೆ,” ಎಂದರು. “ಇವರ ಅಲೆ ವರ್ಷಕ್ಕೊಂದು ಅಡಿ ಬೆಳೆಯುತ್ತದೆ ಫಾದರ್,” ಎಂದರು ಅವರ ಪತ್ನಿ. ಮಕ್ಕಳು ನಕ್ಕರು. ನಾನೂ ನಕ್ಕೆ. ಅವರು ಲೋಟ ಕೆಳಗಿಟ್ಟು ಸುಮ್ಮನಾದರು.

ನಮ್ಮ ನಗುವಿಗೆ ಆಧಾರವೇನಿತ್ತು? ಅಲೆಯ ಬಗ್ಗೆ ನಮಗೆ ಗೊತ್ತಿದ್ದುದು ದಡದಲ್ಲಿ ಕಂಡಷ್ಟೇ. ನೀರೇ ಓಡಿ ಬರುತ್ತದೆಂದು ನಾವು ಭಾವಿಸುತ್ತೇವೆ. ಗಾಳಿ ಬೀಸಿದಾಗ ಭತ್ತದ ಗದ್ದೆಯ ಮೇಲೆ ಅಲೆ ಹರಿಯುವುದನ್ನು ನೀವು ನೋಡಿದ್ದೀರಲ್ಲವೇ? ಪೈರು ನಿಂತಲ್ಲೇ ಬಾಗಿ ಏಳುತ್ತದೆ. ಮುಂದೆ ಸಾಗುವುದು ಆ ಬಾಗುವಿಕೆ ಮಾತ್ರ. ಆಳ ಸಮುದ್ರದಲ್ಲಿಯೂ ನೀರು ಸುತ್ತು ಹಾಕಿ ಹೆಚ್ಚುಕಡಿಮೆ ಇದ್ದಲ್ಲಿಗೇ ಮರಳುತ್ತದೆ. ಗಾಳಿ ತುಂಬಿದ ಶಕ್ತಿ ಮಾತ್ರ ಮುಂದಕ್ಕೆ ಹೋಗುತ್ತದೆ. ಗಾಳಿ ಎಷ್ಟು ಬಿರುಸಾಗಿ, ಎಷ್ಟು ಹೊತ್ತು, ಎಷ್ಟು ವಿಶಾಲವಾದ ನೀರಿನ ಮೇಲೆ ಬೀಸಿತು ಎಂಬುದರಿಂದ ಅಲೆಯ ಗಾತ್ರ ನಿರ್ಧಾರವಾಗುತ್ತದೆ.

ಎಲ್ಲ ಅಲೆಗಳ ವೇಗವೂ ಒಂದೇ ಅಲ್ಲ. ಹತ್ತು ಸೆಕೆಂಡಿಗೊಮ್ಮೆ ಬರುವ ಅಲೆ ಆಳದ ನೀರಿನಲ್ಲಿ ಗಂಟೆಗೆ ಸುಮಾರು 56 ಕಿ.ಮೀ. ಓಡಿದರೆ, ಹದಿನೆಂಟು ಸೆಕೆಂಡಿಗೊಮ್ಮೆ ಬರುವ ಉದ್ದನೆಯ ಅಲೆ 100 ಕಿ.ಮೀ. ಓಡುತ್ತದೆ. ಹಿಂದಿನದು ಮುಂದಿನದನ್ನು ಹಿಡಿಯುತ್ತದೆ. ಹಲವು ಅಲೆಗಳ ಶಿಖರಗಳು ಒಂದೇ ಕಡೆ, ಒಂದೇ ಕ್ಷಣ ಕೂಡಿಬಂದರೆ ನೀರು ಅಲ್ಲಿ ಬೆಟ್ಟದಂತೆ ಏಳುತ್ತದೆ. ಆಫ್ರಿಕದ ಆಗ್ನೇಯ ಕರಾವಳಿಯ ಅಗುಲ್ಹಾಸ್‌ನಂಥ ಪ್ರವಾಹ ಎದುರಾದರೆ ಅಲೆ ಇನ್ನಷ್ಟು ಕಡಿದಾಗುತ್ತದೆ. ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಪಾಲಿನ ಸರಾಸರಿಯನ್ನು ತಜ್ಞರು ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ. ಅದರ ಎರಡರಷ್ಟು ಎತ್ತರದ ಅಲೆ, ಸರಳ ಲೆಕ್ಕದ ಪ್ರಕಾರವೂ, ಸುಮಾರು ಮೂರು ಸಾವಿರಕ್ಕೊಂದು ಬರಬಹುದು. ಹತ್ತು ಸೆಕೆಂಡಿಗೆ ಒಂದು ಅಲೆಯೆಂದರೆ, ಅದು ಎಂಟೂಕಾಲು ಗಂಟೆಯ ಬಿರುಗಾಳಿಯಷ್ಟೇ!

ಆದರೆ ಎದ್ದ ಅಲೆ ಸ್ವಲ್ಪ ಹೊತ್ತಿನಲ್ಲೇ ಕರಗಿಹೋಗುತ್ತದೆ. ಬಂಟ್ವಾಳದ ಹಿರಿಯರು 1923ರ ನೆರೆಯನ್ನು ‘ಮಾರಿ ಬೊಳ್ಳ’ ಎಂದು ನೆನೆಯುತ್ತಿದ್ದರು. 1974ರಲ್ಲಿ ನೇತ್ರಾವತಿ ಮತ್ತೆ ಪೇಟೆಯೊಳಗೆ ಬಂದಳು. ನೆರೆ ಇಳಿದರೂ ಗೋಡೆಯ ಮೇಲೆ ಕೆಸರಿನ ಗುರುತು ಉಳಿಯುತ್ತದೆ. ನಡುಗಡಲಿನಲ್ಲಿ ಗೋಡೆಯಿಲ್ಲ. ಅಲ್ಲಿ ಉಳಿಯುವುದು ಕಂಡವನ ಮಾತೊಂದೇ.

ಆ ಮಾತಿಗೆ ಏನಾಯಿತೆಂಬುದನ್ನು ಚರಿತ್ರೆ ಹೇಳುತ್ತದೆ. ಫ್ರೆಂಚ್ ನಾವಿಕ ದ್ಯುಮೋಂ ದುರ್ವಿಲ್ 1826ರಲ್ಲಿ ನಮ್ಮ ಹಿಂದೂ ಮಹಾಸಾಗರದಲ್ಲೇ ನೂರು ಅಡಿಯ ಅಲೆಗಳನ್ನು ಕಂಡುದಾಗಿ ವರದಿ ಮಾಡಿದನು. ಜೊತೆಗಿದ್ದ ಮೂವರು ಅದಕ್ಕೆ ಸಾಕ್ಷಿಗಳಾಗಿದ್ದರು. ಅಲೆ ಮೂವತ್ತು ಅಡಿ ಮೀರದೆಂಬುದು ಆ ಕಾಲದ ನಂಬಿಕೆ. ಹೆಸರಾಂತ ವಿಜ್ಞಾನಿ ಅರಾಗೊ ಅವನನ್ನು ಬಹಿರಂಗವಾಗಿಯೇ ಗೇಲಿ ಮಾಡಿದನು. 1995ರ ಜನವರಿ 1ರಂದು ನಾರ್ವೆಯ ಬಳಿಯ ಉತ್ತರ ಸಮುದ್ರದ ಡ್ರಾಪ್ನರ್ ಅಟ್ಟಣೆಯಲ್ಲಿದ್ದ ಲೇಸರ್ ಉಪಕರಣವು 25.6 ಮೀಟರ್ ಎತ್ತರದ ಅಲೆಯೊಂದನ್ನು ದಾಖಲಿಸಿತು. ಸುತ್ತಲಿನ ದೊಡ್ಡ ಅಲೆಗಳು ಸರಾಸರಿ ಹನ್ನೆರಡು ಮೀಟರಿನವು. ಯಂತ್ರ ಹೇಳಿದ ಮೇಲೆ ಯಾರೂ ನಗಲಿಲ್ಲ.

ಎಲ್ಲೆಡೆಯೂ ಹೀಗೆಯೇ ಆಗಿಲ್ಲ. ಬೆಳ್ತಂಗಡಿಯ ತೋಟಗಳಲ್ಲಿ ನೆಲೆಸಿರುವ ಮಲಯಾಳಿ ಕುಟುಂಬಗಳು ‘ಕಳ್ಳಕ್ಕಡಲ್’ ಎಂಬ ಮಾತನ್ನು ಕೇಳಿರಬಹುದು. ಗಾಳಿಮಳೆಯ ಸುಳಿವೇ ಇಲ್ಲದ ದಿನ ಕಡಲು ಕಳ್ಳನಂತೆ ಮನೆಯಂಗಳಕ್ಕೆ ನುಗ್ಗುವುದಕ್ಕೆ ಕೇರಳದ ಮೀನುಗಾರರು ಇಟ್ಟ ಹೆಸರದು. ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಸಾಗರದ ಬಿರುಗಾಳಿಯಲ್ಲಿ ಹುಟ್ಟಿದ ಅಲೆಗಳು ದಿನಗಟ್ಟಲೆ ಪಯಣಿಸಿ ಹಾಗೆ ಬರುತ್ತವೆ. 2012ರಲ್ಲಿ ಯುನೆಸ್ಕೊ ಆ ಪದವನ್ನೇ ಅಂಗೀಕರಿಸಿತು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇಂದು ನಮ್ಮ ಕರಾವಳಿಗೂ ಇಂಥ ಅಲೆಗಳ ಮುನ್ನೆಚ್ಚರಿಕೆ ಕೊಡುತ್ತದೆ.

ಹಾಗಾದರೆ ಹೇಳಿದ್ದನ್ನೆಲ್ಲ ನಂಬಬೇಕೇ ಎಂದು ನೀವು ಕೇಳಬಹುದು. ಇಲ್ಲ. ಹಡಗಿನ ಮೇಲೆ ನಿಂತವನ ಕಣ್ಣು ಅಳತೆಯಲ್ಲಿ ತಪ್ಪುವುದು ಸಹಜ. ಎರಡು ತೆಂಗಿನ ಮರ ಎಂಬುದು ಹೆಚ್ಚೇ ಆಗಿರಬಹುದು. ಲೆಕ್ಕವನ್ನು ಶಂಕಿಸುವುದು ಬುದ್ಧಿಯ ಕೆಲಸ. ಮನುಷ್ಯನನ್ನೇ ನಗೆಗೀಡು ಮಾಡಿ ವಿಷಯ ಮುಗಿಸುವುದು ಬೇರೆಯೇ. ಸಮಾಧಿಯಿಂದ ಬಂದ ಸ್ತ್ರೀಯರ ಮಾತು ಪ್ರೇಷಿತರಿಗೆ ಹುಚ್ಚುಮಾತಾಗಿ ಕಂಡಿತೆಂದು ಲೂಕನ ಶುಭಸಂದೇಶದಲ್ಲಿದೆ. ಆದರೂ ಪೇತ್ರನು ಎದ್ದು ಓಡಿದನು, ನೋಡುವುದಕ್ಕೆ. ಶಂಕೆಗೆ ಕಾಲುಗಳಿದ್ದವು. ನಮ್ಮ ನಗು ಕುಳಿತಲ್ಲಿಯೇ ಕುಳಿತಿತ್ತು. ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೊಬ್ಬರು ಅದೇ ಮಾತನ್ನು ಹೇಳಿದ್ದರೆ ನಾನು ನಗುತ್ತಿದ್ದೆನೇ? ಹಡಗಿನ ಅಡುಗೆಯವರೆಂದಲ್ಲವೇ ನಕ್ಕದ್ದು? ಗುರುಮಠದಲ್ಲಿ ವರ್ಷಗಟ್ಟಲೆ ತತ್ತ್ವಶಾಸ್ತ್ರ ಓದಿದವನು ನಾನು.

ಡ್ರಾಪ್ನರ್ ಅಲೆಯ ಬಗ್ಗೆ ನಾನು ಓದುವ ಹೊತ್ತಿಗೆ ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಆ ಮನೆಗೆ ಹೋಗಿ ಓದಿದ್ದನ್ನು ಹೇಳಿದೆ. ಅವರ ಪತ್ನಿ ತುಂಬಾ ಹೊತ್ತು ಮಾತಾಡಲಿಲ್ಲ. ಅದು ಯಾವ ಸಮುದ್ರ, ಯಾವ ವರ್ಷ ಎಂದು ವಿಚಾರಿಸಿದೆ. ಅವರು ಮಗನ ಮುಖ ನೋಡಿದರು. ಮಗ ಅಕ್ಕನಿಗೆ ಫೋನ್ ಮಾಡಿದ. ಯಾರಿಗೂ ಗೊತ್ತಿರಲಿಲ್ಲ. ಕೇಳಿದವರೇ ಇರಲಿಲ್ಲ, ಫಾದರ್, ಎಂದರು.