ನಡುರಾತ್ರಿಯ ಪ್ರಶ್ನೆ ಯಾರಿಗೆ?



ನೀವು ಮೊದಲ ಸಲ ಗೂಗಲ್‌ನಲ್ಲಿ ಏನನ್ನು ಹುಡುಕಿದ್ದಿರಿ, ನೆನಪಿದೆಯೇ? ಪ್ರಾಯಶಃ ಪರೀಕ್ಷೆಯ ಫಲಿತಾಂಶ, ಇಲ್ಲವೇ ರೈಲಿನ ವೇಳೆ. 1998ರಲ್ಲಿ ಗೂಗಲ್ ಆರಂಭವಾದ ಕಾಲಕ್ಕೆ ಜನರು ಸಾಮಾನ್ಯವಾಗಿ ಎರಡು ಮೂರು ಪದಗಳನ್ನಷ್ಟೇ ಬರೆದು ಹುಡುಕುತ್ತಿದ್ದರು. 2017ರಲ್ಲಿ ಕನ್ನಡದಲ್ಲಿ ಮಾತಾಡಿಯೇ ಹುಡುಕುವ ಅನುಕೂಲ ಬಂತು. ಈಗ ಓದುಬರಹ ಬಾರದ ಅಜ್ಜಿಯೂ ಫೋನನ್ನು ಬಾಯಿಯ ಹತ್ತಿರ ಹಿಡಿದು ಕೇಳಬಲ್ಲರು.

ಪ್ರಶ್ನೆ ಉದ್ದವಾಗಿದೆ, ಅದರೊಳಗೆ 'ನಾನು' ಬಂದು ಕುಳಿತಿದೆ. ಹಿಂದೆ 'ಮಧುಮೇಹ' ಎಂದಷ್ಟೇ ಬರೆಯುತ್ತಿದ್ದವರು ಇಂದು "ನನ್ನ ಕಾಲು ಜೋಮು ಹಿಡಿಯುತ್ತದೆ, ಇದು ಸಕ್ಕರೆ ಕಾಯಿಲೆಯೇ?" ಎನ್ನುತ್ತಾರೆ. "ಗಂಡ ಮಾತು ಬಿಟ್ಟಿದ್ದಾರೆ, ಏನು ಮಾಡಲಿ?" "ಫೇಲಾದೆ, ಅಪ್ಪನಿಗೆ ಹೇಗೆ ಹೇಳಲಿ?" ಇಂಥವೂ ಫೋನಿನ ಪಾಲಾಗಿವೆ.

ಇದು ತಪ್ಪೇ? ತಿಳಿಯಬೇಕೆಂಬ ಹಂಬಲ ದೇವರೇ ಇತ್ತದ್ದು. ಆದರೆ ಅಪ್ಪನಿಗೆ ಹೇಳಬೇಕಾದ್ದನ್ನು ಮಗು ಮೊದಲು ಫೋನಿಗೆ ಹೇಳುವುದೇಕೆ? ಫೋನು ಗದರುವುದಿಲ್ಲ, ಹೀಯಾಳಿಸುವುದಿಲ್ಲ. ಹಾಗಾದರೆ ಆ ಪ್ರಶ್ನೆ ನಮ್ಮ ಮೇಲೊಂದು ದೂರೂ ಹೌದು.

ಫೋನು ಗುಟ್ಟು ಕಾಯುತ್ತದೆಂಬ ನಂಬಿಕೆಯೂ ಪೊಳ್ಳು. 2006ರಲ್ಲಿ ಅಮೆರಿಕದ ಎಓಎಲ್ ಕಂಪನಿ ಸುಮಾರು ಆರೂವರೆ ಲಕ್ಷ ಜನರ ಹುಡುಕಾಟಗಳನ್ನು, ಹೆಸರಿನ ಬದಲು ಸಂಖ್ಯೆ ಹಾಕಿ, ಸಂಶೋಧನೆಗೆಂದು ಪ್ರಕಟಿಸಿತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಒಬ್ಬ ಮಹಿಳೆಯನ್ನು ಅವರ ಪ್ರಶ್ನೆಗಳಿಂದಲೇ ಗುರುತಿಸಿದರು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಪ್ರಾಣ ಹೋದರೂ ಹೊರಗೆಡಹುವಂತಿಲ್ಲ. ಯಂತ್ರಕ್ಕೆ ಅಂಥ ಕಟ್ಟುಪಾಡಿಲ್ಲ.

ಸಂತ ಯೊವಾನ್ನರ ಶುಭಸಂದೇಶದ ಮೊದಲ ಅಧ್ಯಾಯವನ್ನು ತೆರೆಯಿರಿ. ತಮ್ಮ ಹಿಂದೆ ಬಂದ ಇಬ್ಬರು ಶಿಷ್ಯರನ್ನು ಕಂಡು ಯೇಸುಸ್ವಾಮಿ, ಅವರು ಅರಸುತ್ತಿರುವುದು ಏನೆಂದು ವಿಚಾರಿಸುತ್ತಾರೆ. ಪ್ರಭುವಿನ ವಾಸ ಎಲ್ಲಿ ಎಂದು ಅವರು ಕೇಳಿದರು. ಪ್ರಭು ಬರಿಯ ವಿಳಾಸ ಹೇಳಿ ಕಳಿಸಲಿಲ್ಲ, ಜೊತೆಗೇ ಕರೆದರು. ಶಿಷ್ಯರು ಆ ದಿನ ಅಲ್ಲಿಯೇ ಉಳಿದರು. ಹೌದು, ಕೆಲವು ಪ್ರಶ್ನೆಗಳಿಗೆ ಮಾಹಿತಿ ಸಾಲದು. ಪಕ್ಕದಲ್ಲಿ ಕುಳಿತು ಕೇಳುವವರೊಬ್ಬರು ಬೇಕು.

ಇಂದು ರಾತ್ರಿ ಜಪಸರ ಮುಗಿಸಿ ಆತ್ಮಶೋಧನೆ ಮಾಡುವಾಗ ಫೋನಿನಲ್ಲಿ ಉಳಿದಿರುವ ಹಳೆಯ ಹುಡುಕಾಟಗಳನ್ನೂ ನೋಡಿರಿ. ಮಕ್ಕಳ ಫೋನು ಬೇಡ, ನಿಮ್ಮದೇ ಸಾಕು. ಅದರಲ್ಲಿ ಒಂದು ಪ್ರಶ್ನೆಯನ್ನು ಆರಿಸಿಕೊಳ್ಳಿರಿ. ಅದು ವೈದ್ಯರಿಗೆ ಸೇರಿದ್ದೇ? ಬಾಳಸಂಗಾತಿಗೆ? ಗುರುಗಳಿಗೆ? ಅವರ ಬಳಿಗೆ ಅದನ್ನು ಒಯ್ಯಿರಿ. ಅದಕ್ಕೂ ಮೊದಲು ಪ್ರಭುವಿನ ಮುಂದಿಡಿರಿ. ನಾಳೆ ನಿಮ್ಮ ಮಗು ತನ್ನ ಪ್ರಶ್ನೆಯನ್ನು ನಿಮ್ಮಲ್ಲಿಗೆ ತಂದರೆ, ಗದರದೆ ಕೇಳಿಸಿಕೊಳ್ಳಿರಿ.